ಏನೂ ವಾಸಿ ಮಾಡದ ಪುಡಿ

ನಮ್ಮ ಅತ್ತಿಗೆಯದು ವಿಚಿತ್ರ ಉದ್ಯೋಗ. ಯಾವ ರೋಗವನ್ನೂ ವಾಸಿ ಮಾಡದ ಪುಡಿ ತಯಾರಿಸುವುದು! ಇದಕ್ಕಾಗಿ ಅವರು ಡಾಕ್ಟರೇಟ್ ಮಾಡಿದ್ದಾರೆ. ಇದಕ್ಕಾಗಿಯೇ ಅವರಿಗೆ ತಿಂಗಳು ತಿಂಗಳು ಸಂಬಳವೂ ಬರುತ್ತದೆ. ಏನೂ ವಾಸಿ ಮಾಡದ ಪುಡಿಯನ್ನು ನಮ್ಮ ಕಡೆ ಸಂತೆಗಳಲ್ಲೂ ಮಾರುತ್ತಾರೆ, ಮೈಕು ಕಟ್ಟಿಕೊಂಡು, ಹಲ್ಲಿಯ ಚಿತ್ರ ತೋರಿಸಿಕೊಂಡು. ಆದರೆ ಅವರು ವಾಸಿಯಾಗುತ್ತದೆ ಎಂದು ಹೇಳಿ ಮಾರುತ್ತಾರೆ, ಅತ್ತಿಗೆ ವಾಸಿಯಾಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಾರೆ. ಇಬ್ಬರಿಗೂ ಅಷ್ಟೇ ವ್ಯತ್ಯಾಸ. ಅದಕ್ಕೇ ಸಂತೆಯವರು ಕಾರು ಕೊಂಡರು, ಅತ್ತಿಗೆ ಇನ್ನೂ ಚನ್ನಗಿರಿಯಿಂದ ದಾವಣಗೆರೆಯ ಲ್ಯಾಬಿಗೆ ಬೆಳಗಿನ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಹೋಗುತ್ತಿದ್ದಾರೆ.

ನನ್ನ ವಿಷಯವನ್ನೂ ಒಂದು ಮಾತು ಹೇಳಿಬಿಡಬೇಕು. ನಾನು ಹೊನ್ನಾಳಿಯಲ್ಲಿ ಗೊಬ್ಬರ, ಬೀಜ, ಔಷಧಿ ಅಂಗಡಿ ಇಟ್ಟವನು. ಔಷಧಿ ಎಂದರೆ ಬೆಳೆಗೆ ಹೊಡೆಯುವ ಔಷಧಿ. ಮನುಷ್ಯರು ಕುಡಿದರೆ ಪೊಲೀಸರು ಬರುವಂಥದ್ದು. ನನ್ನ ಅಣ್ಣ ಚನ್ನಗಿರಿಯಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಅವನ ಹೆಂಡತಿಯಾದ ಈ ಅತ್ತಿಗೆ ಮಳೆ ಕಾಣದ ಜಗಳೂರಿನ ಹೆಣ್ಣು. ನಾಲೆ ನೀರು ಕುಡಿದ ನಾವು ಮಾತನ್ನು ಒಂದಿಷ್ಟು ನೆನೆಹಾಕಿ, ಮೆತ್ತಗೆ ಮಾಡಿ ಬಡಿಸುತ್ತೇವೆ. ಜಗಳೂರಿನವರು ಒಣಗಿದ್ದನ್ನು ಒಣಗಿದ ಹಾಗೇ ಕೊಡುತ್ತಾರೆ. ಹಲ್ಲು ಗಟ್ಟಿ ಇದ್ದವರು ಕಡಿದುಕೊಳ್ಳಬೇಕು!

ಅವರ ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದೆ, "ಅತ್ತಿಗೆ, ರೋಗ ವಾಸಿ ಮಾಡಲ್ಲ ಅಂದ್ರೆ ನಿಮ್ಮ ಪುಡಿ ಮತ್ತೇನು ಮಾಡ್ತೈತ್ರಿ?"

"ನಮ್ಮ ಮೈಯಾಗೆ ಒಂದೊಂದು ಜೀವಕೋಶದಾಗೂ ರಾಶಿ ರಾಶಿ ಕಿಣ್ವ ಕೆಲಸ ಮಾಡ್ತಾವಪ್ಪ. ಕಾಯಿಲೆ ಬಂದಾಗ ಒಂದಿಷ್ಟು ಕಿಣ್ವ ಅತಿಯಾಗಿ ಕುಣೀತಾವೆ. ಅವು ಕುಣಿದಿದ್ದಕ್ಕೆ ಕಾಯಿಲೆ ಬಂತೋ, ಕಾಯಿಲೆ ಬಂದಿದ್ದಕ್ಕೆ ಕುಣಿದ್ವೋ, ಹೆಂಗೆ ಗೊತ್ತಾಗಬೇಕು? ಅದಕ್ಕೆ ಒಂದೇ ಒಂದು ಕಿಣ್ವಕ್ಕೆ ಹೋಗಿ ಅಂಟಿಕೊಂಡು, ಅದನ್ನ ಮಾತ್ರ ನಿಲ್ಲಿಸೋ ಸಣ್ಣ ಅಣು ಮಾಡ್ತೀನಿ. ಪಕ್ಕದ ಕಿಣ್ವನ ಮುಟ್ಟಂಗಿಲ್ಲ. ಅದೊಂದು ನಿಂತ್ರೆ ಏನೇನು ನಿಲ್ತೈತೆ ಅಂತ ನೋಡೋದು."

"ಅಂದ್ರೆ ಔಷಧಿ!"

"ಅಲ್ಲ! ಪ್ರೋಬ್. ಔಷಧಿ ಅಂದ್ರೆ ಉತ್ತರ. ಇದು ಬರೀ ಪ್ರಶ್ನೆ. ಗಾಜಿನ ತಟ್ಟೆಯಾಗೆ ಬೆಳೆಸಿರೋ ಜೀವಕೋಶನ ಕೇಳೋ ಪ್ರಶ್ನೆ. ಮನುಷ್ಯರ ಬಾಯಿಗೆ ಹಾಕೋದಲ್ಲ."

ನಾನೇನು ಕಮ್ಮಿಯೇ? "ಗೊತ್ತಾತು ಬಿಡ್ರಿ, ನಮ್ಮ ಅಂಗಡಿ ಕಳೆನಾಶಕ ಇದ್ದಂಗೆ. ಭತ್ತ ಬಿಟ್ಟು ಕಳೆ ಮಾತ್ರ ಹಿಡೀತೈತಲ್ಲ" ಎಂದೆ. ಅತ್ತಿಗೆಯ ಮುಖ ಅರಳಿತು. "ಹಾಂ! ತಲೆ ಐತೆ ನಿನಗೆ" ಎಂದರು. ನಾನು ಉಬ್ಬಿ ಮುಗಿಯುವುದರೊಳಗೆ, "ಆದ್ರೆ ನಿಂದು ಹೊಡೆದ ಮೇಲೆ ಭತ್ತನೂ ಒಂದು ವಾರ ಹಳದಿ ಆಗ್ತೈತಲ್ಲ? ಅಂಥದ್ದನ್ನ ನಮ್ಮ ಲ್ಯಾಬಿನಾಗೆ ಕಸಕ್ಕೆ ಹಾಕ್ತೀವಿ" ಎಂದರು. ಆ ಮೇಲೆ ನಾನು ಅವರೆದುರು ನನ್ನ ವ್ಯಾಪಾರದ ಮಾತು ತೆಗೆದಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಅವರ ಪ್ರತಿಯೊಂದು ಪುಡಿಗೂ ಒಂದು ಅವಳಿ ಪುಡಿ ಇರಬೇಕಂತೆ. ನೋಡಲು ಅದರ ಹಾಗೇ, ರಚನೆಯಲ್ಲಿ ಒಂದೇ ಒಂದು ಮೂಲೆ ಬೇರೆ. ಆದರೆ ಕಿಣ್ವಕ್ಕೆ ಅಂಟುವುದಿಲ್ಲ, ಏನೂ ಮಾಡುವುದಿಲ್ಲ, ಸುಮ್ಮನೆ ಇರುತ್ತದೆ. ಅಸಲಿ ಪುಡಿ ಹಾಕಿದಾಗ ಆದದ್ದೇ ಈ ಸೋಮಾರಿಯನ್ನು ಹಾಕಿದಾಗಲೂ ಆದರೆ, ಮಾಡಿದ ಪ್ರಯೋಗವೆಲ್ಲ ನೀರಿನಲ್ಲಿ ಹೋಮ! ಈ ಸೋಮಾರಿ ಅವಳಿಯನ್ನು ತಯಾರಿಸಲು ಅಸಲಿಯಷ್ಟೇ ಕಷ್ಟಪಡಬೇಕಂತೆ.

"ಕೆಲಸ ಮಾಡದೆ ಇರೋದನ್ನ ಮಾಡಾಕೆ ಇಷ್ಟು ಒದ್ದಾಟ ಯಾಕ್ರಿ ಅತ್ತಿಗೆ? ಯಾವ್ದಾದ್ರೂ ಆಫೀಸಿಗೆ ಹೋದ್ರೆ ರೆಡಿಮೇಡ್ ಸಿಗ್ತಾರೆ!" ಎಂದೆ.

ಅತ್ತಿಗೆ ನಗಲಿಲ್ಲ. "ಹೋಲಿಸಿ ನೋಡಾಕೆ ಪಕ್ಕದಾಗೆ ಕೆಲಸ ಮಾಡೋನೂ ಒಬ್ಬ ಬೇಕಲ್ಲಪ್ಪ. ಅವನನ್ನ ಹುಡುಕಿಕೊಡ್ತೀಯಾ?"

ಈ ಪದ್ಧತಿಯನ್ನು ಅವರು ಲ್ಯಾಬಿನಲ್ಲಿಯೇ ಬಿಟ್ಟು ಬಂದಿದ್ದರೆ ನಾನು ಈ ಪ್ರಬಂಧ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಅವರು ಬಿಡಲಿಲ್ಲ! ಸಾಸ್ವೆಹಳ್ಳಿಯಲ್ಲಿ ನಮ್ಮ ಸೋದರಮಾವನ ಮಗಳ ಮದುವೆ. ಊಟದ ಹಾಲಿನಲ್ಲಿ ನಮ್ಮ ದೊಡ್ಡಪ್ಪ ಬಿಳಿ ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲೆ ಟವೆಲ್ ಹಾಕಿ, "ಏಯ್, ಈ ಸಾಲಿಗೆ ಅನ್ನ! ಸಾರೆಲ್ಲಿ ಸತ್ತೋತು? ನೀರು ಬಿಡ್ರೋ!" ಎಂದು ಕೂಗುತ್ತಿದ್ದರು. ಅತ್ತಿಗೆ ಬಾಗಿಲಲ್ಲಿ ನಿಂತು ಎಷ್ಟೋ ಹೊತ್ತು ಇದನ್ನೇ ನೋಡಿದರು.

"ಇವ್ರು ನಿಂತ್ರೆ ಊಟ ನಿಲ್ತೈತೇನೋ?"

"ನಿಲ್ಲದೇ ಏನ್ರಿ! ದೊಡ್ಡಪ್ಪನ ಗಂಟಲಿನಿಂದಾನೇ ಮದುವೆ ನಡೀತಿರೋದು."

"ನೋಡಾನ ಇರು."

ನೆಟ್ಟಗೆ ಹೋದರು. "ದೊಡ್ಡಪ್ಪಾರೆ, ನಿಮ್ಮ ಸಕ್ಕರೆ ಕಾಯಿಲೆ ವಿಷಯ ಸ್ವಲ್ಪ ಮಾತಾಡೋದಿತ್ತಲ್ರಿ" ಎಂದರು. ತನ್ನ ಸಕ್ಕರೆ ಕಾಯಿಲೆಯ ಕಥೆ ಹೇಳಲು ಕರೆದರೆ ಬರುವುದಿಲ್ಲ ಎನ್ನುವ ಹಿರಿಯರು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ! ದೊಡ್ಡಪ್ಪ ಪಕ್ಕದ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಶುರು ಮಾಡಿದರು. ಇತ್ತ ಹಾಲಿನಲ್ಲಿ ಏನಾಯಿತು? ಅನ್ನ ಅನ್ನದ ಪಾಡಿಗೆ ಬಂತು, ಸಾರು ಸಾರಿನ ಪಾಡಿಗೆ ಬಂತು. ಬಡಿಸುವವರು ಬೆದರದೆ ಬಡಿಸಿದರು. ಪಂಕ್ತಿ ಮೊದಲಿಗಿಂತ ಬೇಗ ಎದ್ದಿತು.

"ಸಾಬೀತಾತಲ್ರಿ!" ಎಂದೆ ನಾನು. "ಎಲ್ಲಿ ಆತು? ಅವಳಿ ಎಲ್ಲಿ?" ಎಂದರು ಅತ್ತಿಗೆ. ಯಾವ ಹಿರಿಯರನ್ನು ಎಬ್ಬಿಸಿದರೂ ಹೀಗೇ ಆಗುತ್ತಿತ್ತೇನೋ, ಯಾರಿಗೆ ಗೊತ್ತು? ಆದ್ದರಿಂದ ನೋಡಲು ದೊಡ್ಡಪ್ಪನ ಹಾಗೇ ಇದ್ದು, ಯಾರಿಗೂ ಏನೂ ಹೇಳದ ಒಬ್ಬರು ಬೇಕು. ಸಿಕ್ಕರು! ಅದೇ ಬಿಳಿ ಪಂಚೆ, ಅದೇ ಹೊಟ್ಟೆ, ಅದೇ ಟವೆಲ್. ಎಲೆಯ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಇನ್ನೇನು ಮೊದಲ ತುತ್ತು ಮುರಿಯಬೇಕು, ಅತ್ತಿಗೆ ಹೋಗಿ, "ಒಂದು ನಿಮಿಷ ಈ ಕಡೆ ಬರ್ರಿ" ಎಂದು ಎಬ್ಬಿಸಿಕೊಂಡು ಬಂದರು. ಅವರು ಗಂಡಿನ ಸೋದರಮಾವ!

ಎಲೆ ಮುಂದಿನಿಂದ ಬೀಗರನ್ನು ಎಬ್ಬಿಸುವುದೆಂದರೆ ಏನು? ನಮ್ಮ ಕಡೆ ಅದಕ್ಕಿಂತ ಕೆನ್ನೆಗೆ ಹೊಡೆದರೆ ವಾಸಿ. ಗಂಡಿನ ಕಡೆಯವರು ಒಬ್ಬೊಬ್ಬರಾಗಿ ಎಲೆ ಮಡಚಿದರು. ಸಂಜೆಯವರೆಗೂ ನಮ್ಮ ಹಿರಿಯರೆಲ್ಲ ಸೇರಿ ಕೈಮುಗಿದು ಸಮಾಧಾನ ಮಾಡಬೇಕಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತಿಗೆಗೆ ಒಂದೇ ಆಶ್ಚರ್ಯ. "ನಾನು ಸಾರಿ ಕೇಳಿದೆ. ಯಾಕೆ ಎಬ್ಬಿಸಿದೆ ಅಂತ ಕಾರಣನೂ ವಿವರವಾಗಿ ಹೇಳಿದೆ. ಆದ್ರೂ ಸಿಟ್ಟು ಯಾಕೆ?" ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದ. ಅತ್ತಿಗೆ ಏನು ಮಾಡಿದರೂ ಅವನಿಗೆ ಸಂತೋಷವೇ.

ಆ ಅಣ್ಣನ ಬಲಗೈ ನಡುಗತೊಡಗಿತು.

ಅದೆಂಥ ಕೈ ಅಂತೀರಿ! ಚನ್ನಗಿರಿಯಲ್ಲಿ ಅರ್ಧ ಊರಿನ ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆದ ಕೈ. ಅವನು ಬೋರ್ಡಿನ ಮೇಲೆ ಬರೆದದ್ದನ್ನು ಮುಂದಿನ ಪೀರಿಯಡ್ಡಿನ ಮೇಷ್ಟ್ರು ಅಳಿಸಲು ಮನಸ್ಸು ಬಾರದೆ ಮೂಲೆಯಲ್ಲಿ ಲೆಕ್ಕ ಬಿಡಿಸುತ್ತಿದ್ದರಂತೆ. ಆ ಅಕ್ಷರ ಬರಬರುತ್ತ ಸಣ್ಣದಾಯಿತು. ಸುಮ್ಮನೆ ಕೂತಾಗ ಬೆರಳುಗಳು ತಾವಾಗಿಯೇ ಅಲುಗಾಡತೊಡಗಿದವು. ದಾವಣಗೆರೆಯ ಡಾಕ್ಟರು ನೋಡಿ, ಪಾರ್ಕಿನ್ಸನ್ ಎಂದರು. ಮಾತ್ರೆ ಕೊಟ್ಟರು. ಹತೋಟಿಯಲ್ಲಿ ಇಡಬಹುದು, ಪೂರ್ತಿ ಹೋಗಲಾಡಿಸುವುದು ಈಗ ಯಾರ ಕೈಲೂ ಇಲ್ಲ ಎಂದರು.

ವಿಧಿಯ ಕುಚೋದ್ಯ ನೋಡಿ, ಅತ್ತಿಗೆ ವರ್ಷಗಳಿಂದ ಹಿಂದೆ ಬಿದ್ದಿದ್ದ ಕಿಣ್ವ ಇದೇ ಕಾಯಿಲೆಯದು! ಅಣ್ಣನ ಮನೆಯಲ್ಲೇ ಇದ್ದ ನಮ್ಮ ಅವ್ವನ ತೀರ್ಮಾನ ಕೂಡಲೇ ಹೊರಬಿತ್ತು. "ಇವಳು ಹಗಲೂ ರಾತ್ರಿ ಆ ಕಾಯಿಲೆ ಹೆಸರು ಜಪ ಮಾಡಿದ್ಲು. ಅದು ಮನೆ ಹುಡುಕಿಕೊಂಡು ಬಂತು." ಆಮೇಲೆ ಎರಡನೇ ತೀರ್ಮಾನ. "ಊರಿಗೆಲ್ಲ ಪುಡಿ ಮಾಡ್ತಾಳೆ, ಕಟ್ಟಿಕೊಂಡ ಗಂಡಗೆ ಒಂದು ಚಿಟಿಕೆ ಕೊಡಾಕೆ ಆಗಲ್ವ?" ಇದನ್ನು ಅವ್ವ ಬೆಳಗಿನ ಕಾಫಿಯ ಜೊತೆ ಒಮ್ಮೆ, ರಾತ್ರಿ ಮುದ್ದೆಯ ಜೊತೆ ಒಮ್ಮೆ ತಪ್ಪದೆ ಬಡಿಸುತ್ತಿದ್ದಳು. ಅತ್ತಿಗೆ ತಲೆ ಬಗ್ಗಿಸಿ, "ಅದು ಔಷಧಿ ಅಲ್ಲತ್ತೆ" ಎನ್ನುತ್ತಿದ್ದರು. ಗಂಟೆ ನೋಡಿಕೊಂಡು ಡಾಕ್ಟರ ಮಾತ್ರೆಯನ್ನು ಅಣ್ಣನ ಕೈಗೆ ಇಡುತ್ತಿದ್ದರು. ನಾನೂ ಒಮ್ಮೆ ಹೊರಗೆ ಕರೆದು, "ಅತ್ತಿಗೆ, ಒಂಚೂರು, ಒಂದೇ ಒಂಚೂರು ಕೊಟ್ಟು ನೋಡಬಾರದೇನ್ರಿ?" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ವಾಸಿ ಆಗಂಗಿದ್ರೆ ಕೊಡದೆ ಇರ್ತಿದ್ನೇನೋ ನಾನು?" ಎಂದು ಒಳಗೆ ಹೋದರು.

ಊರು ಸುಮ್ಮನಿರುತ್ತದೆಯೇ? ಕೆರೆಬಿಳಚಿಯ ಒಂದು ಸಂಘದವರು ಅತ್ತಿಗೆಗೆ ಸನ್ಮಾನ ಇಟ್ಟುಕೊಂಡರು. ವೇದಿಕೆಯ ಹಿಂದೆ ಫ್ಲೆಕ್ಸು. "ನಡುಕದ ಕಾಯಿಲೆಗೆ ದಿವ್ಯೌಷಧ ಕಂಡುಹಿಡಿದ ನಮ್ಮ ತಾಲ್ಲೂಕಿನ ಹೆಮ್ಮೆಯ ಸೊಸೆ!" ಅದರಲ್ಲಿ ಸಂಘದ ಅಧ್ಯಕ್ಷರ ಫೋಟೊ ಮನುಷ್ಯನ ಎತ್ತರ, ಅತ್ತಿಗೆಯ ಫೋಟೊ ಆಧಾರ್ ಕಾರ್ಡಿನಷ್ಟು. ಶಾಲು ಹೊದಿಸಿ ಮೈಕು ಕೊಟ್ಟರು.

"ನಾನು ಯಾವ ಔಷಧಿನೂ ಕಂಡುಹಿಡಿದಿಲ್ಲ" ಎಂದರು ಅತ್ತಿಗೆ. ಚಪ್ಪಾಳೆ!

"ನಿಜವಾಗ್ಲೂ ಇಲ್ರಿ. ನಾನು ಮಾಡಿರೋದನ್ನ ತಿಂದ್ರೆ ಯಾರಿಗೂ ಏನೂ ವಾಸಿ ಆಗಲ್ಲ." ಮೊದಲಿಗಿಂತ ಜೋರು ಚಪ್ಪಾಳೆ!

ಅಧ್ಯಕ್ಷರು ಮೈಕು ಕಸಿದುಕೊಂಡರು. "ನೋಡಿದಿರಾ ಬಂಧುಗಳೇ, ಎಂಥ ವಿನಯ! ತುಂಬಿದ ಕೊಡ ತುಳುಕುವುದಿಲ್ಲ!"

ಕಾರ್ಯಕ್ರಮ ಮುಗಿದ ಮೇಲೆ ಮಂಡಿನೋವಿನವರು, ಗ್ಯಾಸ್ಟ್ರಿಕ್‌ನವರು, ನಿದ್ದೆ ಬಾರದವರು ರಿಪೋರ್ಟು ಹಿಡಿದು ಸಾಲು ನಿಂತರು. ಒಬ್ಬರು, "ತೋಟದಾಗೆ ಅಡಿಕೆ ಹರಳು ಬಲಿಯೋಕೆ ಮುಂಚೆನೇ ಉದುರ್ತಾವ್ರಿ ಮೇಡಂ, ಅದಕ್ಕೂ ಇದೇ ಪುಡಿ ಆಗ್ತೈತಾ?" ಎಂದರು. ಅವರನ್ನು ಮಾತ್ರ ನಾನು ಮೆಲ್ಲಗೆ ಪಕ್ಕಕ್ಕೆ ಕರೆದು ನಮ್ಮ ಅಂಗಡಿಯ ಕಾರ್ಡು ಕೊಟ್ಟೆ.

ಇಷ್ಟಾದ ಮೇಲೆ ಅತ್ತಿಗೆಗೆ ಹಟ ಬಂತು. ದೊಡ್ಡವರ ತಲೆಗೆ ಹೋಗುವುದಿಲ್ಲ, ಮಕ್ಕಳಿಗಾದರೂ ಹೇಳುತ್ತೇನೆ ಎಂದು ನ್ಯಾಮತಿಯ ಒಂದು ಶಾಲೆಯಲ್ಲಿ ಪಾಠ ಮಾಡಲು ಒಪ್ಪಿಕೊಂಡರು. ಹಿಂದಿನ ಸಂಜೆ ಅಣ್ಣನ ಮನೆಯಲ್ಲಿ ಅದರ ತಾಲೀಮು. ಅಣ್ಣ, ಅವ್ವ, ನಾನು ವಿದ್ಯಾರ್ಥಿಗಳು. ಮೇಜಿನ ಮೇಲೆ ಎರಡು ಪುಟ್ಟ ಗಾಜಿನ ಬಾಟಲಿ, ಎರಡರಲ್ಲೂ ಬಿಳಿ ಪುಡಿ. ಒಂದು ಅಡುಗೆ ಸೋಡಾ. ಇನ್ನೊಂದು ನುಣ್ಣಗೆ ಜರಡಿ ಹಿಡಿದ ಅಕ್ಕಿ ಹಿಟ್ಟು. ಯಾವುದು ಯಾವುದು ಎಂದು ನಮಗೆ ಹೇಳಲಿಲ್ಲ. ಹೇಳಿದರೆ ಮಕ್ಕಳಿಗೆ ಕುತೂಹಲ ಇರುವುದಿಲ್ಲವಂತೆ! ಎರಡರಿಂದಲೂ ಒಂದೊಂದು ಚಮಚ ತಟ್ಟೆಗೆ ಹಾಕಿ ನಿಂಬೆರಸ ಹಿಂಡಿದರು. ಒಂದು ಬುಸ್ಸೆಂದು ನೊರೆಯೆದ್ದಿತು. ಇನ್ನೊಂದು ಸುಮ್ಮನೆ ಕೂತಿತ್ತು.

"ನೋಡ್ರಿ ಮಕ್ಕಳೇ, ಇಬ್ರೂ ಅವಳಿ. ಇದು ಎಗರಾಡ್ತೈತೆ, ಇದು ಸುಮ್ಮನಿರ್ತೈತೆ" ಎಂದರು ಅತ್ತಿಗೆ. ಬೆಳ್ಳುಳ್ಳಿ ಸುಲಿಯುತ್ತಿದ್ದ ಅವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಎಂದೂ ಇಲ್ಲದ ಶ್ರದ್ಧೆ! ನನಗೆ ಆಗಲೇ ಅನುಮಾನ ಬರಬೇಕಿತ್ತು.

ಕೆಲವು ವಾರ ಬಿಟ್ಟು ನಾನು ಚನ್ನಗಿರಿಗೆ ಹೋದಾಗ ಮನೆಯ ಹವೆಯೇ ಬೇರೆಯಾಗಿತ್ತು. ಅಣ್ಣ ಬೆತ್ತದ ಕುರ್ಚಿಯಲ್ಲಿ ಸ್ಟುಡಿಯೋದಲ್ಲಿ ಕೂತವನ ಹಾಗೆ ನೆಟ್ಟಗೆ ಕೂತಿದ್ದ. ಕೈಯ ನಡುಕ ಕಾಣಲೇ ಇಲ್ಲ! ಅವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ನಾನೇ ಕೊಟ್ಟೆ ಕಣೋ ಪುಡಿ! ಒಂದು ವಾರದಿಂದ ದಿನಾ ಮಜ್ಜಿಗೆಯಾಗೆ ಒಂದು ಚಮಚ."

"ಯಾವ ಪುಡಿನವ್ವ?" ಎಂದೆ ಗಾಬರಿಯಾಗಿ.

"ಅವತ್ತು ತೋರಿಸಿದ್ಲಲ್ಲ, ಎರಡು ಬಾಟ್ಲಿ. ಪಾಠ ಮುಗಿಸಿ ತಂದು ಗೂಡಿನಾಗೆ ಇಟ್ಟಿದ್ಲು. ಎಗರಾಡೋದನ್ನ ಕೊಟ್ರೆ ಕೈ ಇನ್ನೂ ಎಗರಾಡಲ್ವೇನೋ? ಕೈ ಸುಮ್ಮನಿರಬೇಕು ಅಂದ್ರೆ ಸುಮ್ಮನಿರೋ ಪುಡಿನೇ ಕೊಡಬೇಕು. ಇಷ್ಟು ಓದಿದೋಳಿಗೆ ಇದು ಹೊಳೀಲಿಲ್ಲ ನೋಡು!"

ಇದಕ್ಕೆ ಏನು ಹೇಳುತ್ತೀರಿ? ಜಗತ್ತಿನ ಯಾವ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಉತ್ತರವಿದೆ? ಗುಟ್ಟು ಎಂದು ಹೇಳಿಯೇ ಅವ್ವ ಇದನ್ನು ಬೀದಿಯವರಿಗೆಲ್ಲ ತಿಳಿಸಿದ್ದಳು. ಆ ಸಂಜೆ ಅತ್ತಿಗೆ ಬಸ್ಸಿಳಿಯುತ್ತಲೇ ಹೂ ಮಾರುವಾಕೆ, "ಯಜಮಾನ್ರಿಗೆ ವಾಸಿ ಆತಂತಲ್ರಿ ಮೇಡಂ, ನಮ್ಮ ಮಾವಗೂ ಒಂದು ಪೊಟ್ಣ ಕೊಡ್ರಿ" ಎಂದು ಎರಡು ಮೊಳ ಮಲ್ಲಿಗೆಯನ್ನು ಪುಕ್ಕಟೆ ಕೈಗಿಟ್ಟಳಂತೆ. ಅತ್ತಿಗೆ ಮನೆಗೆ ಬಂದು ಬಾಟಲಿ ನೋಡಿದರು. ನನ್ನನ್ನು ಹಿತ್ತಿಲಿಗೆ ಕರೆದರು.

"ಅಕ್ಕಿ ಹಿಟ್ಟು ಕಣೋ ಅದು."

ನಾನು ಬಾವಿಕಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣೊರೆಸಿಕೊಂಡು ನೋಡಿದರೆ ಅತ್ತಿಗೆ ನಗುತ್ತಿರಲಿಲ್ಲ.

"ಹೇಳಿಬಿಡ್ರಿ ಅಣ್ಣಗೆ, ಅದಕ್ಕೇನಂತೆ."

"ಹೆಂಗೆ ಹೇಳ್ಲಿ? ನಾನು ಡಾಕ್ಟರ ಮಾತ್ರೆಯಿಂದ ಕಮ್ಮಿ ಆತು ಅಂದ್ಕೊಂಡಿದ್ದೆ. ನಂಬಿಕೆಯಿಂದ್ಲೂ ಸ್ವಲ್ಪ ದಿನ ನಡುಕ ಕಮ್ಮಿ ಆಗೋದುಂಟು. ನಾನು ಬಾಯಿ ಬಿಟ್ರೆ ಅದೂ ಹೋಗ್ತೈತೆ. ಸುಮ್ಮನಿದ್ರೆ, ದಿನಾ ಅವ್ರಿಗೆ ಸುಳ್ಳು ಕುಡಿಸಿದಂಗೆ."

ತುಂಬಿದ ಸಭೆಯಲ್ಲಿ ಶಾಲು ಹೊದ್ದುಕೊಂಡೇ ಸತ್ಯ ಹೇಳಿದ ಹೆಂಗಸು, ಮನೆಯ ಒಬ್ಬ ಮನುಷ್ಯನ ಎದುರು ಬಾಯಿ ಕಟ್ಟಿದವರ ಹಾಗೆ ನಿಂತಿದ್ದರು. ಒಂದೇ ಒಂದು ಲಾಭವೆಂದರೆ, ಅವ್ವ ಬಯ್ಯುವುದನ್ನು ಬಿಟ್ಟಿದ್ದಳು. "ಚಿನ್ನದಂಥ ಸೊಸೆ" ಎನ್ನತೊಡಗಿದ್ದಳು. ನನ್ನ ಎದುರೇ ಅವರಿಗೆ ಬಿಸಿ ರೊಟ್ಟಿ ತಟ್ಟಿ, ಮೇಲೆ ಬೆಣ್ಣೆ ಇಟ್ಟು ಕೊಟ್ಟಳು. ಅತ್ತಿಗೆ ಒಂದು ತುತ್ತು ಮುರಿದು, ರೊಟ್ಟಿಯನ್ನು ಹಾಗೇ ತಟ್ಟೆಯಲ್ಲಿ ಬಿಟ್ಟರು.

ಮಾರನೇ ದಿನ ಭಾನುವಾರ. ಅಣ್ಣನ ಕೈ ನೋಡಲು ಬಂದಿದ್ದ ನೆಂಟರೆಲ್ಲ ನೆಟ್ಟಗೆ ಕೂತ ಅಣ್ಣನನ್ನೇ ನೋಡಿ, ಹೊಗಳಿ, ಕಾಫಿ ಕುಡಿದು ಹೋದರು. ಅವ್ವ ಹರಕೆಯ ಕಾಯಿ ಒಡೆಸಲು ದೇವಸ್ಥಾನಕ್ಕೆ ಹೋದಳು. ಅತ್ತಿಗೆ ಮಧ್ಯಾಹ್ನದ ಮಾತ್ರೆ ತಂದು ಅಣ್ಣನ ಮುಂದೆ ಹಿಡಿದರು. ಅಣ್ಣ ಎಡಗೈ ಚಾಚಿದ.

ಎಡಗೈ! ಶಾಲೆಯಲ್ಲಿ ಮಕ್ಕಳು ಎಡಗೈಯಲ್ಲಿ ಪುಸ್ತಕ ಕೊಟ್ಟರೆ ಮುಟ್ಟದೆ, "ಬಲಗೈ ಎಲ್ಲಿ ಹೋಯ್ತೋ?" ಎಂದು ಗದರುವ ಮೇಷ್ಟ್ರು ಅವನು. ಅತ್ತಿಗೆ ಮಾತ್ರೆ ಕೊಡಲಿಲ್ಲ. ಅವನನ್ನೇ ನೋಡುತ್ತ ಮೆಲ್ಲಗೆ ಬಗ್ಗಿ, ಅವನ ತೊಡೆಯ ಕೆಳಗಿನಿಂದ ಬಲಗೈಯನ್ನು ಹೊರಗೆ ಎಳೆದರು. ಕೈಯ ಮೇಲೆಲ್ಲ ಕುರ್ಚಿಯ ಬೆತ್ತದ ಹೆಣಿಗೆ ಕೆಂಪಗೆ ಅಚ್ಚೊತ್ತಿತ್ತು. ಬೆರಳುಗಳು ನೀಲಿಗಟ್ಟಿದ್ದವು.

"ಯಾವಾಗಿಂದ್ರೀ ಹಿಂಗೆ?"

"ಮೊದ್ಲಿಂದ್ಲೂ." ಅಣ್ಣ ಸಿಕ್ಕಿಬಿದ್ದ ಹುಡುಗನ ಹಾಗೆ ನಕ್ಕ. "ಅಕ್ಕಿ ಹಿಟ್ಟು ಅಂತ ಒಂದೇ ಗುಟುಕಿಗೆ ಗೊತ್ತಾತು ಬಿಡು."

"ಮತ್ತೆ ಯಾಕ್ರೀ?"

"ಅವ್ವ ನಿನ್ನ ಅನ್ನೋದು ನಿಲ್ಲಿಸಿದ್ಲಲ್ಲ. ಕೂತ್ರೆ ಅನ್ನೋಳು, ನಿಂತ್ರೆ ಅನ್ನೋಳು. ನೀನು ತಲೆ ಬಗ್ಗಿಸಿಕೊಂಡು ಉಣ್ಣೋದನ್ನ ನನಗೆ ನೋಡಾಕೆ ಆಗ್ತಿರಲಿಲ್ಲ ಕಣೆ. ನಾನು ಕೈ ಮೇಲೆ ಕೂತ್ರೆ ಅದು ನಿಲ್ಲೋದಾದ್ರೆ, ಕೂರಾನ ಬಿಡು ಅಂದ್ಕೊಂಡೆ."

ಅತ್ತಿಗೆ ಮಾತ್ರೆಯನ್ನು ಮೇಜಿನ ಮೇಲೆ ಇಟ್ಟರು. ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಮಡಿಲಲ್ಲಿ ಇಟ್ಟುಕೊಂಡರು.

"ನನ್ನ ಹತ್ರ ನಡುಗಲಿ ಬಿಡ್ರಿ" ಎಂದರು. "ನನ್ನ ಹತ್ರ ಮುಚ್ಚಿಡಬ್ಯಾಡ್ರಿ."

ಇಷ್ಟು ದಿನ ಅದುಮಿಟ್ಟ ಕೈ ಬಿಡುಗಡೆಯಾದಂತೆ ನಡುಗಿತು. ಅತ್ತಿಗೆಯ ಗಾಜಿನ ಬಳೆಗಳು ಅದರ ಜೊತೆ ಸಣ್ಣಗೆ ಸದ್ದು ಮಾಡತೊಡಗಿದವು. ಅಣ್ಣ ಕಣ್ಣು ಮುಚ್ಚಿಕೊಂಡು ಕುರ್ಚಿಗೆ ಒರಗಿದ. ಅವನ ಮುಖದಲ್ಲಿ ಅಂಥ ನಿರಾಳವನ್ನು ನಾನು ಎಷ್ಟೋ ದಿನಗಳಿಂದ ಕಂಡಿರಲಿಲ್ಲ. ನನಗೆ ಅಳು ಬಂತು. ಮರೆಸಿಕೊಳ್ಳಲು ಕ್ಯಾಲೆಂಡರ್ ನೋಡುತ್ತ ನಿಂತೆ.

ಅಷ್ಟರಲ್ಲಿ ಅವ್ವ ಒಡೆದ ಕಾಯಿಯ ಹೋಳು, ಕುಂಕುಮ ಹಿಡಿದು ಬಾಗಿಲಿಗೆ ಬಂದಳು. "ಕೈ ಹೆಂಗೈತಪ್ಪ?" ಎಂದಳು ಹೊಸ್ತಿಲಿನಿಂದಲೇ. ನಾನು ವ್ಯಾಪಾರಸ್ಥ, ಒಂದು ಸುಳ್ಳನ್ನು ನಾಲಿಗೆಯ ತುದಿಯಲ್ಲಿ ಸಿದ್ಧ ಮಾಡಿಕೊಂಡೆ. ಅತ್ತಿಗೆ ತಿರುಗಿ ನೋಡಲಿಲ್ಲ, ಕೈಯನ್ನೂ ಬಿಡಲಿಲ್ಲ.

"ನಡುಗ್ತೈತತ್ತೆ" ಎಂದರು. "ನಾನು ಹಿಡಕೊಂಡಿದ್ದೀನಿ."